ಸಂಬಳದ ಅಂಕಿಗೆ ಹೆಬ್ಬೆರಳು ಅಡ್ಡ ಇಡಿ
ಚೀನಾದಲ್ಲಿ ಇಂಗ್ಲಿಷ್ ಕಲಿಸುವ ಮೊದಲ ಆಫರ್ ಬಂದಾಗ ನೆನಪಿಡಬೇಕಾದ 12 ಸೂತ್ರಗಳು

ಆಫರ್ ಬಂದ ದಿನ ಯಾರೂ ಕಾಗದವನ್ನು ಪೂರ್ತಿ ಓದುವುದಿಲ್ಲ. ಕಣ್ಣು ನೇರವಾಗಿ ಒಂದೇ ಸಾಲಿಗೆ ಹೋಗುತ್ತದೆ: ತಿಂಗಳಿಗೆ 20,000 ಯುವಾನ್. ಫೋನಿನ ಕ್ಯಾಲ್ಕುಲೇಟರ್ ತೆಗೆದು ಹನ್ನೆರಡರಿಂದಲೋ ಹದಿಮೂರರಿಂದಲೋ ಗುಣಿಸಿ, ಎರಡು ಲಕ್ಷ ರೂಪಾಯಿ ದಾಟಿದ್ದು ನೋಡಿ, ಅಮ್ಮನಿಗೆ ಹೇಳಿ, ಅಮ್ಮ ಚಿಕ್ಕಮ್ಮನಿಗೆ ಹೇಳಿ, ಸಂಜೆಯೊಳಗೆ ‘ನಮ್ಮ ಹುಡುಗಿ ಚೀನಾಕ್ಕೆ ಹೊರಟಳಂತೆ’ ಎಂಬ ಸುದ್ದಿ ಬೀದಿ ಸುತ್ತಿ ಬಂದಿರುತ್ತದೆ. ಅಷ್ಟಾದ ಮೇಲೆ ಕರಾರು ಓದಲು ಕೂತರೆ, ತಪ್ಪು ಕಂಡರೂ ಕಾಣದ ಹಾಗೆ ಓದುತ್ತೇವೆ. ಹೇಳಿಕೊಂಡ ಮಾತನ್ನು ಹಿಂತೆಗೆದುಕೊಳ್ಳುವುದು ಕಷ್ಟ ನೋಡಿ.

ಹೀಗಾಗಿ ಒಂದು ಸಣ್ಣ ಉಪಾಯ. ಆಫರ್ ಪತ್ರದಲ್ಲಿ ಸಂಬಳದ ಅಂಕಿ ಇರುವ ಜಾಗಕ್ಕೆ ಹೆಬ್ಬೆರಳು ಅಡ್ಡ ಇಡಿ. ಉಳಿದ ಸಾಲುಗಳನ್ನು ಓದಿ, ಪ್ರಶ್ನೆ ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ. ಬೆರಳನ್ನು ಯಾವಾಗ ತೆಗೆಯಬೇಕೆಂದು ಹನ್ನೊಂದನೆಯ ಸೂತ್ರದಲ್ಲಿ ಹೇಳುತ್ತೇನೆ.

1. ಆಫರಿಗಿಂತ ಮೊದಲು ನಿಮ್ಮ ಪಾಸ್‌ಪೋರ್ಟ್ ಓದಿ

ಕಹಿ ಮಾತು, ಮೊದಲೇ ಆಗಿಹೋಗಲಿ. ಚೀನಾದ ನಿಯಮದ ಪ್ರಕಾರ ವಿದೇಶಿ ಭಾಷಾ ಶಿಕ್ಷಕರು ತತ್ವತಃ ತಮ್ಮ ತಾಯ್ನುಡಿಯನ್ನೇ ಕಲಿಸಬೇಕು. ಯಾರ ತಾಯ್ನುಡಿ ಇಂಗ್ಲಿಷ್ ಎಂಬುದನ್ನು ಸಾಮಾನ್ಯವಾಗಿ ಪಾಸ್‌ಪೋರ್ಟ್ ನೋಡಿ ತೀರ್ಮಾನಿಸುತ್ತಾರೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ: ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕಾಣುವ ಏಳು ಹೆಸರುಗಳಿವು. ಭಾರತ ಆ ಪಟ್ಟಿಯಲ್ಲಿಲ್ಲ. ಎಲ್‌ಕೆಜಿಯಿಂದ ಎಂ.ಎ.ವರೆಗೆ ಇಂಗ್ಲಿಷಿನಲ್ಲೇ ಓದಿದ್ದರೂ ಅಷ್ಟೇ.

ನ್ಯೂಜೆರ್ಸಿಯಲ್ಲೋ ಮೆಲ್ಬರ್ನಿನಲ್ಲೋ ಹುಟ್ಟಿ ಬೆಳೆದು ಅಲ್ಲಿನ ಪಾಸ್‌ಪೋರ್ಟ್ ಹಿಡಿದ ಕನ್ನಡಿಗರ ಮಕ್ಕಳಿಗೆ ಈ ಬಾಗಿಲು ತೆರೆದಿದೆ. ಅವರಿಗೂ ಪದವಿ ಬೇಕು, ಜೊತೆಗೆ ಎರಡು ವರ್ಷದ ಬೋಧನಾ ಅನುಭವ ಬೇಕು. ಶಿಕ್ಷಣ ಅಥವಾ ಭಾಷಾ ವಿಷಯದಲ್ಲಿ ಪದವಿ ಇದ್ದರೆ, ಶಿಕ್ಷಕರ ಅರ್ಹತಾ ಪತ್ರ ಅಥವಾ ಟೆಫಲ್‌ನಂಥ ಇಂಗ್ಲಿಷ್ ಬೋಧನಾ ಪ್ರಮಾಣಪತ್ರ ಇದ್ದರೆ ಅನುಭವದ ಷರತ್ತಿಗೆ ವಿನಾಯಿತಿ ಉಂಟು. ಟೆಫಲ್ ಕೋರ್ಸ್ ಮಾಡುವವರು 120 ಗಂಟೆಗೆ ಕಡಿಮೆಯದನ್ನು ಮುಟ್ಟಬೇಡಿ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ದಾರಿ ಬೇರೆ. ಗಣಿತ, ಭೌತಶಾಸ್ತ್ರ, ಕಂಪ್ಯೂಟರ್‌ನಂಥ ವಿಷಯಗಳನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಸುವ ಕೆಲಸಗಳು ಅಂತರರಾಷ್ಟ್ರೀಯ ಮತ್ತು ದ್ವಿಭಾಷಾ ಶಾಲೆಗಳಲ್ಲಿವೆ. ಪದವಿಯ ಜೊತೆ ಬಿ.ಇಡಿ. ಮತ್ತು ಎರಡು ವರ್ಷದ ಅನುಭವ ಇದ್ದರೆ ಅತ್ತ ನೋಡಿ. ‘ಇಂಡಿಯನ್ ಪಾಸ್‌ಪೋರ್ಟ್ ಆದರೂ ಇಂಗ್ಲಿಷ್ ಟೀಚರ್ ಕೆಲಸ ಕೊಡಿಸುತ್ತೇವೆ, ಚಿಂತೆ ಬೇಡ’ ಎಂದವರಿಗೆ ಒಂದೇ ಪ್ರಶ್ನೆ ಹಾಕಿ: ‘ವರ್ಕ್ ಪರ್ಮಿಟ್‌ನಲ್ಲಿ ನನ್ನ ಹುದ್ದೆಯ ಹೆಸರು ಏನೆಂದು ಬರುತ್ತದೆ?’ ಉತ್ತರ ‘ಮ್ಯಾನೇಜರ್’ ಎಂದೋ ‘ಕನ್ಸಲ್ಟೆಂಟ್’ ಎಂದೋ ಬಂದರೆ, ಅಥವಾ ಉತ್ತರವೇ ಬಾರದಿದ್ದರೆ, ಆ ಆಫರ್ ಅಲ್ಲಿಗೇ ಮುಗಿಯಿತು.

2. ವೀಸಾದ ಅಕ್ಷರ ಝಡ್. ಬೇರೆ ಯಾವುದೂ ಬೇಡ

ಚೀನಾದ ವೀಸಾಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರು. ಎಲ್ ಎಂದರೆ ಪ್ರವಾಸ, ಎಂ ಎಂದರೆ ವ್ಯಾಪಾರ, ಎಫ್ ಎಂದರೆ ವಿನಿಮಯ ಭೇಟಿ, ಎಕ್ಸ್ ಎಂದರೆ ವಿದ್ಯಾರ್ಥಿ. ಕೆಲಸಕ್ಕೆ ಹೋಗುವವರದು ಝಡ್. ‘ಸದ್ಯಕ್ಕೆ ಎಂ ವೀಸಾದಲ್ಲಿ ಬನ್ನಿ, ಇಲ್ಲಿಗೆ ಬಂದ ಮೇಲೆ ಬದಲಾಯಿಸೋಣ’ ಎನ್ನುವ ಮಾತು ಈ ವ್ಯವಹಾರದಲ್ಲಿ ಹಳೆಯ ಗಾಳ.

ಸರಿಯಾದ ಕ್ರಮ ಹೀಗೆ. ಮೊದಲು ಶಾಲೆ ನಿಮ್ಮ ಪರವಾಗಿ ಅರ್ಜಿ ಹಾಕಿ ವರ್ಕ್ ಪರ್ಮಿಟ್‌ನ ಸೂಚನಾ ಪತ್ರ ತರಿಸುತ್ತದೆ. ಅದನ್ನು ತೋರಿಸಿ ನೀವು ನಿಮ್ಮ ದೇಶದಲ್ಲೇ ಝಡ್ ವೀಸಾ ಪಡೆಯುತ್ತೀರಿ. ಚೀನಾದಲ್ಲಿ ಇಳಿದ 15 ದಿನದೊಳಗೆ ವರ್ಕ್ ಪರ್ಮಿಟ್‌ಗೆ, 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹೋಗಬೇಕು. ಹೋಟೆಲಿನಲ್ಲಿ ಇಳಿದರೆ ಪೊಲೀಸ್ ನೋಂದಣಿಯನ್ನು ಅವರೇ ಮಾಡುತ್ತಾರೆ. ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಠಾಣೆಗೆ ಹೋಗಿ ಹೆಸರು ಬರೆಸುವುದು ನಿಮ್ಮ ಹೊಣೆ.

ತಪ್ಪಿದರೆ ಏನು? 2013ರ ಜುಲೈ 1ರಿಂದ ಜಾರಿಯಲ್ಲಿರುವ ಪ್ರವೇಶ-ನಿರ್ಗಮನ ಕಾನೂನಿನಲ್ಲಿ ಅಕ್ರಮವಾಗಿ ಕೆಲಸ ಮಾಡುವ ವಿದೇಶಿಯರಿಗೆ 5,000ದಿಂದ 20,000 ಯುವಾನ್ ದಂಡವಿದೆ. ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಬಂಧನವೂ ಉಂಟು. ಶಾಲೆಗೂ ದಂಡ ಬೀಳುತ್ತದೆ, ನಿಜ. ಆದರೆ ಶಾಲೆ ತನ್ನ ಊರಿನಲ್ಲೇ ಇರುತ್ತದೆ. ಪೆಟ್ಟಿಗೆ ಕಟ್ಟಬೇಕಾದವರು ನೀವು.

3. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ

ಸೂಚನಾ ಪತ್ರ ಕೈಗೆ ಬರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ವಿಮಾನದ ಟಿಕೆಟ್ ಕೊಳ್ಳಬೇಡಿ, ಬಾಡಿಗೆ ಮನೆ ಖಾಲಿ ಮಾಡಬೇಡಿ. ಕಾಗದಪತ್ರಗಳಿಗೆ ವಾರಗಳಲ್ಲ, ತಿಂಗಳುಗಳು ಹಿಡಿಯುತ್ತವೆ. ಪದವಿ ಪ್ರಮಾಣಪತ್ರ ದೃಢೀಕರಣವಾಗಬೇಕು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಆರು ತಿಂಗಳಿಗಿಂತ ಹಳೆಯದಾಗಿರಬಾರದು; ತೀರಾ ಬೇಗ ಮಾಡಿಸಿದರೆ ಅದು ಹಳಸುತ್ತದೆ, ತಡವಾದರೆ ಶಾಲೆ ಕಾಯುವುದಿಲ್ಲ. ವೈದ್ಯಕೀಯ ತಪಾಸಣೆ ಬೇರೆ.

ಚೀನಾ ಅಪಾಸ್ಟಿಲ್ ಒಪ್ಪಂದಕ್ಕೆ ಸೇರಿ, ಅದು ಅಲ್ಲಿ 2023ರ ನವೆಂಬರ್ 7ರಂದು ಜಾರಿಗೆ ಬಂದಿದೆ. ಇದರಿಂದ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಓದಿದವರ ಕೆಲಸ ಹಗುರಾಯಿತು. ನಿಮ್ಮ ಪದವಿ ಮೈಸೂರಿನದೋ ಧಾರವಾಡದ್ದೋ ಆಗಿದ್ದರೆ, ಹಣ ಕಟ್ಟುವ ಮೊದಲು ಭಾರತದ ಕಾಗದಕ್ಕೆ ಯಾವ ದಾರಿಯ ದೃಢೀಕರಣ ನಡೆಯುತ್ತದೆಂದು ಚೀನಾ ವೀಸಾ ಅರ್ಜಿ ಕೇಂದ್ರದಲ್ಲೇ ಕೇಳಿ. ಪಕ್ಕದ ಮನೆಯವರ ಮಗ ಮೂರು ವರ್ಷದ ಹಿಂದೆ ಮಾಡಿಸಿದ್ದು ಇವತ್ತು ನಡೆಯಬೇಕೆಂದಿಲ್ಲ.

4. ಕರೆಯುತ್ತಿರುವವರು ಯಾವ ಜಾತಿಯ ಸಂಸ್ಥೆ, ತಿಳಿಯಿರಿ

‘ಚೀನಾದಲ್ಲಿ ಇಂಗ್ಲಿಷ್ ಮೇಷ್ಟ್ರು’ ಎಂಬುದು ಒಂದು ಕೆಲಸವಲ್ಲ, ಐದು ಕೆಲಸ.

ಸರ್ಕಾರಿ ಶಾಲೆ: ತರಗತಿ ತುಂಬ ಮಕ್ಕಳು, ಹಗಲು ಹೊತ್ತಿನ ಕೆಲಸ, ಶಾಲಾ ರಜೆ. ವಿಶ್ವವಿದ್ಯಾಲಯ: ಸಂಬಳ ಕಡಿಮೆ, ಪಾಠದ ಗಂಟೆಗಳೂ ಕಡಿಮೆ, ಬಹಳ ಕಡೆ ಕ್ಯಾಂಪಸ್ಸಿನಲ್ಲೇ ಮನೆ. ಟ್ಯೂಷನ್ ಸೆಂಟರ್: ಸಂಬಳ ಹೆಚ್ಚು, ಸಂಜೆ ಮತ್ತು ವಾರಾಂತ್ಯ ಅವರದು. ಅಂತರರಾಷ್ಟ್ರೀಯ ಮತ್ತು ದ್ವಿಭಾಷಾ ಶಾಲೆ: ಸಂಬಳ ಎಲ್ಲಕ್ಕಿಂತ ಮೇಲು, ಆದರೆ ಅನುಭವವನ್ನೂ ಶಿಕ್ಷಕ ತರಬೇತಿಯನ್ನೂ ಕೇಳುತ್ತಾರೆ. ಶಿಶುವಿಹಾರ: ಹಾಡು, ಆಟ, ಕುಣಿತ, ದಿನದ ಕೊನೆಗೆ ಗಂಟಲೂ ಇಲ್ಲ, ಬೆನ್ನೂ ಇಲ್ಲ.

ಚೀನಾದ ಕಾಲೇಜು ಪ್ರವೇಶ ಪರೀಕ್ಷೆಯಾದ ಗಾವ್‌ಕಾವ್‌ನಲ್ಲಿ ಹೆಚ್ಚಿನ ಪ್ರಾಂತಗಳ ಒಟ್ಟು ಅಂಕ 750, ಅದರಲ್ಲಿ ಇಂಗ್ಲಿಷಿಗೆ 150. ತಂದೆತಾಯಂದಿರು ಟ್ಯೂಷನ್ನಿಗೆ ದುಡ್ಡು ಸುರಿದದ್ದು ಈ ಅಂಕಗಳಿಗಾಗಿಯೇ. ಆ ಮಾರುಕಟ್ಟೆಯನ್ನು ಸರ್ಕಾರ 2021ರ ಜುಲೈನಲ್ಲಿ ಒಂದೇ ಏಟಿಗೆ ಮುರಿಯಿತು. ‘ಶುವಾಂಗ್ ಜ್ಯೆನ್’, ಅಂದರೆ ‘ಎರಡು ಹೊರೆಗಳ ಇಳಿಕೆ’ ಎಂಬ ಆ ನೀತಿ ಶಾಲಾ ವಿಷಯಗಳಲ್ಲಿ ಲಾಭಕ್ಕಾಗಿ ಟ್ಯೂಷನ್ ನಡೆಸುವುದನ್ನು ನಿಷೇಧಿಸಿತು. ದೇಶದ ದೊಡ್ಡ ಟ್ಯೂಷನ್ ಕಂಪನಿಗಳಲ್ಲಿ ಒಂದಾದ ನ್ಯೂ ಓರಿಯಂಟಲ್‌ನ ಸ್ಥಾಪಕ ಯು ಮಿನ್‌ಹಾಂಗ್, ತಾವು 60,000 ಮಂದಿಯನ್ನು ಕೆಲಸದಿಂದ ತೆಗೆಯಬೇಕಾಯಿತೆಂದು 2022ರ ಆರಂಭದಲ್ಲಿ ಬರೆದುಕೊಂಡರು. ಆದ್ದರಿಂದ ಟ್ಯೂಷನ್ ಸೆಂಟರಿನ ಆಫರ್ ಬಂದರೆ ಕೇಳಿ: ಮಕ್ಕಳ ವಯಸ್ಸೆಷ್ಟು? ಲೈಸೆನ್ಸ್ ಯಾವ ಚಟುವಟಿಕೆಗೆ? 2021ರ ನಂತರ ಸಂಸ್ಥೆ ಏನು ಬದಲಾಯಿಸಿಕೊಂಡಿದೆ?

ಶಿಶುವಿಹಾರಕ್ಕೆ ಇನ್ನೊಂದು ಲೆಕ್ಕ. 2016ರಲ್ಲಿ ಚೀನಾದಲ್ಲಿ ಒಂದೂಮುಕ್ಕಾಲು ಕೋಟಿಗೂ ಹೆಚ್ಚು ಮಕ್ಕಳು ಹುಟ್ಟಿದ್ದವು. 2023ರಲ್ಲಿ ಸುಮಾರು 90 ಲಕ್ಷ. 2023ರ ಒಂದೇ ವರ್ಷದಲ್ಲಿ 14,000ಕ್ಕೂ ಹೆಚ್ಚು ಶಿಶುವಿಹಾರಗಳು ಕಡಿಮೆಯಾದವು. ತೊಟ್ಟಿಲು ಖಾಲಿಯಾದರೆ ಬೆಂಚೂ ಖಾಲಿ. ಈ ವರ್ಷ ಎಷ್ಟು ಮಕ್ಕಳು ಸೇರಿದ್ದಾರೆ, ಹೋದ ವರ್ಷ ಎಷ್ಟಿದ್ದರು ಎಂದು ಕೇಳಲು ಸಂಕೋಚ ಬೇಡ.

5. ಹೆಣ್ಣು-ಗಂಡಿನ ಜಾತಕ ನೋಡುವ ಹಾಗೆ ಕಂಪನಿಯ ಜಾತಕ ನೋಡಿ

ಚೀನಾದಲ್ಲಿ ನೋಂದಣಿಯಾದ ಪ್ರತಿ ಸಂಸ್ಥೆಗೂ 18 ಅಂಕಿ-ಅಕ್ಷರಗಳ ಒಂದು ಗುರುತಿನ ಸಂಖ್ಯೆ ಇದೆ. ವ್ಯಾಪಾರ ಪರವಾನಗಿಯ ಮೇಲೆ ಅದು ಅಚ್ಚಾಗಿರುತ್ತದೆ. ಪರವಾನಗಿಯ ಫೋಟೊ ಕೇಳಿ. ಸರ್ಕಾರದ ಉದ್ಯಮ ಮಾಹಿತಿ ತಾಣದಲ್ಲೋ ತ್ಯೆನ್‌ಯಾನ್‌ಚಾ, ಛಿಛಾಚಾ ಎಂಬ ಆ್ಯಪ್‌ಗಳಲ್ಲೋ ಸಂಖ್ಯೆ ಹಾಕಿದರೆ ಸಂಸ್ಥೆ ಯಾವಾಗ ಹುಟ್ಟಿತು, ಮಾಲೀಕ ಯಾರು, ಕೋರ್ಟಿನಲ್ಲಿ ಎಷ್ಟು ಮೊಕದ್ದಮೆಗಳಿವೆ ಎಂಬುದೆಲ್ಲ ಹೊರಬರುತ್ತದೆ. ಚೀನೀ ಓದಲು ಬಾರದಿದ್ದರೂ ಅನುವಾದದ ಆ್ಯಪ್ ಇಷ್ಟಕ್ಕೆ ಸಾಕು.

ಆಮೇಲೆ ಮೂರು ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ಕರಾರಿನ ಮೇಲಿನ ಕೆಂಪು ದುಂಡು ಮೊಹರಿನ ಹೆಸರು, ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕುವವರ ಹೆಸರು, ನೀವು ನಿಜವಾಗಿ ಪಾಠ ಮಾಡುವ ಶಾಲೆಯ ಹೆಸರು. ಮೂರೂ ಒಂದೇ ಆಗಿದ್ದರೆ ನೆಮ್ಮದಿ. ಒಬ್ಬರು ಪರ್ಮಿಟ್ ಮಾಡಿಸಿ ಇನ್ನೊಬ್ಬರ ಶಾಲೆಗೆ ಕಳಿಸುವ ಏಜೆನ್ಸಿಗಳಿವೆ. ಪರ್ಮಿಟ್‌ನಲ್ಲಿ ಇಲ್ಲದ ಸಂಸ್ಥೆಯಲ್ಲಿ ಪಾಠ ಮಾಡುವಾಗ ಪೊಲೀಸರು ಬಾಗಿಲು ತಟ್ಟಿದರೆ, ಝಡ್ ವೀಸಾ ಇದ್ದರೂ ಅದು ಅಕ್ರಮ ಕೆಲಸವೇ. ಚೀನಾದಲ್ಲಿ ಸಹಿಗಿಂತ ಮೊಹರಿಗೆ ಬೆಲೆ ಹೆಚ್ಚು. ಮೊಹರಿಲ್ಲದ ಕರಾರನ್ನು ಕರಾರೆಂದು ಎಣಿಸಬೇಡಿ.

6. ಏಜೆಂಟರಿಗೆ ದುಡ್ಡು ಯಾರ ಜೇಬಿನಿಂದ?

ಒಳ್ಳೆಯ ಶಾಲೆಗಳು ಏಜೆಂಟರಿಗೆ ತಾವೇ ಹಣ ಕೊಡುತ್ತವೆ. ‘ರಿಜಿಸ್ಟ್ರೇಷನ್’, ‘ಸೀಟ್ ಬುಕಿಂಗ್’, ‘ಟ್ರೈನಿಂಗ್ ಡೆಪಾಸಿಟ್’ ಎಂದು ನಿಮ್ಮಿಂದ ಕೇಳಿದರೆ ಹಿಂದೆ ಸರಿಯಿರಿ. ಭಾರತದಿಂದ ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು, ನಿಮ್ಮಿಂದ ಪಡೆಯುವ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮೀರಬಾರದು. ಲೈಸೆನ್ಸ್ ಸಂಖ್ಯೆಯನ್ನು ಇ-ಮೈಗ್ರೇಟ್ ತಾಣದಲ್ಲಿ ಐದು ನಿಮಿಷದಲ್ಲಿ ಪರಿಶೀಲಿಸಬಹುದು. ಲಕ್ಷಗಟ್ಟಲೆ ಕೇಳುವವನು ಎಷ್ಟೇ ಚೆನ್ನಾಗಿ ಮಾತಾಡಲಿ, ಮೂಗಿಗೆ ತುಪ್ಪ ಸವರುತ್ತಿದ್ದಾನೆ.

7. ಅಲ್ಲಿರುವವರನ್ನು ಕೇಳಿ, ಬಿಟ್ಟುಹೋದವರನ್ನೂ ಕೇಳಿ

ಸಂದರ್ಶನದಲ್ಲಿ ಪ್ರಶ್ನೆ ಕೇಳುವ ಹಕ್ಕು ನಿಮಗೂ ಇದೆ. ‘ಈಗ ನಿಮ್ಮಲ್ಲಿರುವ ವಿದೇಶಿ ಶಿಕ್ಷಕರೊಬ್ಬರ ಜೊತೆ ಮಾತಾಡಬೇಕು’ ಎನ್ನಿ. ಮುಚ್ಚಿಡುವುದೇನೂ ಇಲ್ಲದ ಶಾಲೆ ಆ ಸಂಜೆಯೇ ನಂಬರ್ ಕೊಡುತ್ತದೆ. ಆ ಶಿಕ್ಷಕರಿಗೆ ‘ಶಾಲೆ ಹೇಗಿದೆ?’ ಎಂದು ಕೇಳಬೇಡಿ. ‘ಚೆನ್ನಾಗಿದೆ’ ಎಂಬ ಉತ್ತರದಿಂದ ಏನೂ ಸಿಗದು. ಹೀಗೆ ಕೇಳಿ: ಹೋದ ತಿಂಗಳ ಸಂಬಳ ಯಾವ ತಾರೀಖಿಗೆ ಬಂತು? ಕಳೆದ ಭಾನುವಾರ ಎಲ್ಲಿದ್ದಿರಿ? ನಿಮಗಿಂತ ಮೊದಲು ಈ ಜಾಗದಲ್ಲಿದ್ದವರು ಯಾಕೆ ಹೋದರು, ಹೋಗುವಾಗ ಅವರಿಗೆ ಕಾಗದಪತ್ರ ಸರಿಯಾಗಿ ಸಿಕ್ಕಿತೇ? ಉತ್ತರ ಕೊಡುವ ಮೊದಲಿನ ಮೌನವನ್ನೂ ಕಿವಿಗೊಟ್ಟು ಕೇಳಿ.

8. ‘ವಾರಕ್ಕೆ 25 ಪಾಠ’ ಎಂದರೆ ಎಷ್ಟು ಗಂಟೆ?

ಆಫರಿನಲ್ಲಿ ಬರೆಯುವುದು ಪಾಠದ ಸಂಖ್ಯೆ. ಒಂದು ಪಾಠ 40 ಅಥವಾ 45 ನಿಮಿಷ ಇರುವುದುಂಟು, 60 ನಿಮಿಷವೂ ಇರಬಹುದು. ಬರೆಯದೆ ಬಿಡುವುದು ಉಳಿದದ್ದು: ಆಫೀಸಿನಲ್ಲಿ ಕೂರಬೇಕಾದ ಹೊತ್ತು, ಪಾಠದ ತಯಾರಿ, ಪೋಷಕರ ಸಭೆ, ಹೊಸ ಮಕ್ಕಳನ್ನು ಸೆಳೆಯಲು ನಡೆಸುವ ಡೆಮೊ ಕ್ಲಾಸು, ಮಾಲಿನಲ್ಲಿ ಬಲೂನು ಹಂಚುವ ಪ್ರಚಾರ. ಡೆಮೊ ಕ್ಲಾಸಿಗೆ ಪ್ರತ್ಯೇಕ ಹಣವಿದೆಯೇ? ವಾರದ ರಜೆ ಒಟ್ಟಿಗೆ ಎರಡು ದಿನವೋ, ಸೋಮವಾರ ಒಂದು ಗುರುವಾರ ಒಂದೋ?

ಇನ್ನೊಂದು ಸಂಗತಿ ಹೊಸಬರಿಗೆ ಗೊತ್ತೇ ಇರುವುದಿಲ್ಲ. ಚೀನಾದಲ್ಲಿ ಹಬ್ಬದ ರಜೆಯನ್ನು ಉದ್ದ ಮಾಡಲು ಹಿಂದು ಮುಂದಿನ ಶನಿವಾರ ಅಥವಾ ಭಾನುವಾರವನ್ನು ಕೆಲಸದ ದಿನವಾಗಿ ಘೋಷಿಸುತ್ತಾರೆ. ‘ತ್ಯಾವ್‌ಶ್ಯೂ’ ಎನ್ನುತ್ತಾರೆ ಅದಕ್ಕೆ. ಅಕ್ಟೋಬರ್ 1ರ ರಾಷ್ಟ್ರೀಯ ದಿನಕ್ಕೆ ವಾರ ಪೂರ್ತಿ ರಜೆ ಎಂದು ಕುಣಿದವರು ಅದರ ಪಕ್ಕದ ವಾರಾಂತ್ಯದಲ್ಲಿ ಚಾಕ್‌ಪೀಸ್ ಹಿಡಿದಿರುತ್ತಾರೆ. ಚಳಿಗಾಲದ ರಜೆ, ಬೇಸಿಗೆ ರಜೆಗಳಿಗೆ ಸಂಬಳ ಇದೆಯೇ, ಅರ್ಧವೇ, ಇಲ್ಲವೇ? 12 ತಿಂಗಳ ಕರಾರಿಗೆ 10 ತಿಂಗಳ ಸಂಬಳ ಕೊಡುವವರೂ ಇದ್ದಾರೆ.

9. ಕರಾರು ಎಂದರೆ ಚೀನೀ ಪ್ರತಿ

ನಿಮಗೆ ಬರುವ ಕರಾರಿನಲ್ಲಿ ಸಾಮಾನ್ಯವಾಗಿ ಎರಡು ಭಾಷೆಗಳಿರುತ್ತವೆ. ಎರಡರ ನಡುವೆ ವ್ಯತ್ಯಾಸ ಬಂದರೆ ಯಾವುದು ಗೆಲ್ಲುತ್ತದೆ? ಕೊನೆಯ ಪುಟದಲ್ಲಿ ಒಂದು ಸಣ್ಣ ಸಾಲು ಅದನ್ನು ಹೇಳಿರುತ್ತದೆ, ಹೆಚ್ಚಾಗಿ ಗೆಲ್ಲುವುದು ಚೀನೀ. ಚೀನೀ ಬಲ್ಲ, ಶಾಲೆಗೆ ಸಂಬಂಧವಿಲ್ಲದ ಒಬ್ಬರಿಂದ ಆ ಪ್ರತಿಯನ್ನು ಓದಿಸಿ. ಫೋನಿನಲ್ಲಿ ಹೇಳಿದ್ದು, ವೀಚಾಟ್‌ನಲ್ಲಿ ನಗುಮೊಗದ ಚಿತ್ರ ಹಾಕಿ ಒಪ್ಪಿದ್ದು, ಎಲ್ಲವೂ ಕಾಗದಕ್ಕೆ ಬರಬೇಕು.

ಚೀನಾದ ಕಾರ್ಮಿಕ ಕರಾರು ಕಾನೂನು 2008ರಿಂದ ಜಾರಿಯಲ್ಲಿದೆ. ಅದರ ಕೆಲವು ಗೆರೆಗಳು ನಿಮ್ಮ ಅಳತೆಗೋಲಾಗಲಿ:

– ಮಾಲೀಕರು ನೌಕರರ ಗುರುತಿನ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ, ಠೇವಣಿ ಕೇಳುವಂತಿಲ್ಲ. ಪರ್ಮಿಟ್‌ಗಾಗಿ ಪಾಸ್‌ಪೋರ್ಟ್ ಕಚೇರಿಗೆ ಹೋದರೆ ರಶೀದಿ ಸಿಗುತ್ತದೆ. ಶಾಲೆಯ ಬೀರುವಿನಲ್ಲಿ ಅದಕ್ಕೆ ಕೆಲಸವಿಲ್ಲ.

– ಒಂದು ವರ್ಷದಿಂದ ಮೂರು ವರ್ಷದೊಳಗಿನ ಕರಾರಿಗೆ ಪ್ರೊಬೇಷನ್ ಎರಡು ತಿಂಗಳು ಮೀರಬಾರದು, ಆಗಿನ ಸಂಬಳ ಒಪ್ಪಿದ ಸಂಬಳದ ಶೇ 80ಕ್ಕಿಂತ ಕಡಿಮೆಯಾಗಬಾರದು.

– ಕೆಲಸ ಬಿಡಲು 30 ದಿನ ಮೊದಲು ಲಿಖಿತ ನೋಟಿಸ್. ಪ್ರೊಬೇಷನ್‌ನಲ್ಲಿ ಮೂರು ದಿನ.

– ಕೆಲಸ ಬಿಟ್ಟದ್ದಕ್ಕೆ ದಂಡ ಹಾಕಲು ಕಾನೂನು ಕೊಡುವ ಕಾರಣಗಳು ಎರಡೇ: ಸಂಸ್ಥೆ ತನ್ನ ಹಣದಲ್ಲಿ ಕೊಡಿಸಿದ ವಿಶೇಷ ತರಬೇತಿ, ಇಲ್ಲವೇ ವ್ಯಾಪಾರದ ಗುಟ್ಟು ಮತ್ತು ಪೈಪೋಟಿಯ ಷರತ್ತು.

ಈ ಗೆರೆಗಳೆಲ್ಲ ವಿದೇಶಿಯರಿಗೂ ಹಾಗೆಯೇ ಅನ್ವಯಿಸುತ್ತವೆಯೇ ಎಂಬುದರಲ್ಲಿ ಎಲ್ಲ ನಗರಗಳ ಕೋರ್ಟುಗಳೂ ಒಂದೇ ದಾರಿ ಹಿಡಿದಿಲ್ಲ. ಕರಾರಿನಲ್ಲಿ ಏನು ಬರೆದಿದೆಯೋ ಅದಕ್ಕೇ ಶಾಂಘೈನಲ್ಲಿ ಹೆಚ್ಚು ತೂಕ. ಆದ್ದರಿಂದ ‘ಕಾನೂನಿನಲ್ಲಿ ಇದೆಯಲ್ಲ’ ಎಂದು ಬಿಡಬೇಡಿ, ಕರಾರಿನಲ್ಲೇ ಬರೆಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಬಿಡುಗಡೆ ಪತ್ರ. ಕೆಲಸ ಬಿಟ್ಟಾಗ ಶಾಲೆ ನಿಮಗೆ ಈ ಪತ್ರವನ್ನೂ ಪರ್ಮಿಟ್ ರದ್ದುಪಡಿಸಿದ ಪತ್ರವನ್ನೂ ಕೊಡಬೇಕು. ಇವಿಲ್ಲದೆ ಚೀನಾದಲ್ಲಿ ಇನ್ನೊಂದು ಶಾಲೆಗೆ ಸೇರುವುದು ಸಾಧ್ಯವೇ ಇಲ್ಲ ಎನ್ನುವಷ್ಟು ಕಷ್ಟ. ಜಗಳವಾದರೆ ಶಾಲೆಗಳು ಹಿಡಿದುಕೊಳ್ಳುವುದು ಈ ಕಾಗದವನ್ನೇ. ‘ಕರಾರು ಮುಗಿದ ಅಥವಾ ರದ್ದಾದ ಇಷ್ಟು ದಿನದೊಳಗೆ ಕೊಡತಕ್ಕದ್ದು’ ಎಂಬ ಸಾಲು ಹಾಕಿಸಿ. ಒಳಗೆ ಹೋಗುವ ಬಾಗಿಲನ್ನು ಎಲ್ಲರೂ ನೋಡುತ್ತಾರೆ. ಹೊರಬರುವ ಬಾಗಿಲಿನ ಚಿಲಕ ಯಾರ ಕೈಯಲ್ಲಿದೆ ಎಂದು ನೋಡುವವರು ಕಡಿಮೆ.

10. ಊರನ್ನು ನಕ್ಷೆಯಲ್ಲಷ್ಟೇ ಅಲ್ಲ, ಮೈಮೇಲೂ ಹಾಕಿ ನೋಡಿ

ಹಾರ್ಬಿನ್‌ನ ಜನವರಿಯಲ್ಲಿ ರಾತ್ರಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುತ್ತದೆ. ಕುನ್‌ಮಿಂಗ್‌ಗೆ ‘ವಸಂತದ ಊರು’ ಎಂದೇ ಹೆಸರು, ಬೆಂಗಳೂರಿನವರಿಗೆ ಒಗ್ಗುವ ಹವೆ. 2013ರಲ್ಲಿ ಬೆಂಗಳೂರಿನ ಸೋದರ ನಗರವಾದ ಚೆಂಗ್ಡು ಖಾರ ತಿನ್ನುವವರ ಊರು; ಆದರೆ ಆ ಖಾರ ನಮ್ಮ ಬ್ಯಾಡಗಿಯದಲ್ಲ, ನಾಲಿಗೆ ಜೋಮು ಹಿಡಿಸುವಂಥದ್ದು. ಬೀಜಿಂಗ್, ಶಾಂಘೈ, ಶೆನ್‌ಜೆನ್‌ಗಳಲ್ಲಿ ಸಂಬಳ ಹೆಚ್ಚು, ಬಾಡಿಗೆ ಅದಕ್ಕೂ ಹೆಚ್ಚು.

ಸಸ್ಯಾಹಾರಿಗಳೇ, ‘ವೊ ಛ್ರ್ ಸು’, ಅಂದರೆ ‘ನಾನು ಸಸ್ಯಾಹಾರಿ’ ಎಂದು ಹೇಳಲು ಕಲಿಯಿರಿ. ಅದರ ಮೇಲೂ ಪಲ್ಯದಲ್ಲಿ ಹಂದಿಯ ಕೊಬ್ಬು, ಸಾರಿನಲ್ಲಿ ಮೂಳೆಯ ರಸ ಇರಬಹುದು. ನಿಮ್ಮ ಮನೆಯಲ್ಲಿ ಅಡುಗೆಮನೆ ಇದೆಯೇ ಎಂಬುದು ನಿಮಗೆ ಕರಾರಿನ ಪ್ರಶ್ನೆಯೇ.

‘ಮನೆ ಕೊಡುತ್ತೇವೆ’ ಎಂದರೆ ಒಬ್ಬರಿಗೋ, ಹಂಚಿಕೊಂಡೋ? ‘ಮನೆ ಭತ್ಯೆ’ ಎಂದರೆ ಎಷ್ಟು? ಬಾಡಿಗೆ ಮನೆಗೆ ಮೂರು ತಿಂಗಳ ಬಾಡಿಗೆಯನ್ನೂ ಒಂದು ತಿಂಗಳ ಮುಂಗಡವನ್ನೂ ಒಟ್ಟಿಗೆ ಕೊಡುವ ರೂಢಿ ಅಲ್ಲಿದೆ. ಮೊದಲ ಸಂಬಳ ಬರುವುದು ತಿಂಗಳಾದ ಮೇಲೆ. ಈ ಹಣ ನಿಮ್ಮ ಬಳಿ ಇರಬೇಕು, ಇಲ್ಲವೇ ಶಾಲೆ ಮುಂಗಡ ಕೊಡುವುದಾಗಿ ಬರೆದುಕೊಡಬೇಕು.

ವಾಟ್ಸಾಪ್, ಜಿಮೇಲ್, ಯೂಟ್ಯೂಬ್ ಅಲ್ಲಿ ನಡೆಯುವುದಿಲ್ಲ. ಎರಡೂ ದೇಶಗಳಲ್ಲಿ ನಡೆಯುವ ಆ್ಯಪ್ ಯಾವುದೆಂದು ನೋಡಿ, ಹೊರಡುವ ಮೊದಲೇ ಅಪ್ಪ-ಅಮ್ಮನ ಫೋನಿಗೆ ಹಾಕಿಕೊಡಿ. ಚೀನಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ರಾತ್ರಿ ಊಟ ಮುಗಿಸಿ ಅವರು ಫೋನ್ ಮಾಡುವ ಹೊತ್ತಿಗೆ ನಿಮಗೆ ನಿದ್ದೆಯ ಹೊತ್ತು.

11. ಈಗ ಹೆಬ್ಬೆರಳು ತೆಗೆಯಿರಿ

ಇಲ್ಲಿಯವರೆಗಿನ ಪ್ರಶ್ನೆಗಳಿಗೆ ಒಪ್ಪುವ ಉತ್ತರ ಸಿಕ್ಕಿದ್ದರೆ ಮಾತ್ರ. ಅಂಕಿ ಕಂಡಿತೇ? ಅದು ತೆರಿಗೆಗೆ ಮುಂಚಿನದೋ ನಂತರದ್ದೋ, ಮೊದಲು ಕೇಳಿ.

ಚೀನಾದಲ್ಲಿ ತಿಂಗಳಿಗೆ 5,000 ಯುವಾನ್‌ವರೆಗೆ ತೆರಿಗೆ ಇಲ್ಲ. ಅದರ ಮೇಲಿನದಕ್ಕೆ ಶೇ 3ರಿಂದ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ವರ್ಷಪೂರ್ತಿ ಅಲ್ಲಿದ್ದವರಿಗೆ ಜನವರಿಯಿಂದ ಒಟ್ಟಾದ ಆದಾಯದ ಮೇಲೆ ಲೆಕ್ಕ ಹಾಕಿ ಹಿಡಿಯುವುದರಿಂದ, ವರ್ಷದ ಆರಂಭದಲ್ಲಿ ಕೈಗೆ ಹೆಚ್ಚು ಬಂದು ಕೊನೆಯ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಶಾಲೆ ಮೋಸ ಮಾಡಿತೆಂದು ಆಗ ಗಾಬರಿಯಾಗಬೇಡಿ. ಪಿಂಚಣಿ ಮತ್ತು ಆರೋಗ್ಯ ವಿಮೆಯ ಕಡಿತ ನಗರದಿಂದ ನಗರಕ್ಕೆ ಬೇರೆಯಾಗಿ ನಡೆಯುತ್ತದೆ, ಅದನ್ನೂ ಕೇಳಿ.

ಎರಡು ಕಾಲ್ಪನಿಕ ಆಫರ್‌ಗಳನ್ನು ತೂಗಿ ನೋಡೋಣ. ವಿಮೆಯ ಕಡಿತ ಸದ್ಯಕ್ಕೆ ಬಿಟ್ಟುಬಿಡಿ.

ಮೊದಲನೆಯದು ಟ್ಯೂಷನ್ ಸೆಂಟರ್. ಸಂಬಳ 20,000. ಸರಾಸರಿ ತೆರಿಗೆ ತಿಂಗಳಿಗೆ 1,590, ಉಳಿದದ್ದು 18,410. ಬಾಡಿಗೆ 4,500 ಎಂದಿಟ್ಟುಕೊಳ್ಳಿ, ಕೈಯಲ್ಲಿ 13,910. ವಾರಕ್ಕೆ 40 ಗಂಟೆ ಅಲ್ಲೇ ಇರಬೇಕು, ತಿಂಗಳಿಗೆ 172 ಗಂಟೆ. ಗಂಟೆಗೆ 81 ಯುವಾನ್.

ಎರಡನೆಯದು ವಿಶ್ವವಿದ್ಯಾಲಯ. ಸಂಬಳ 10,000, ಮನೆ ಉಚಿತ. ತೆರಿಗೆ ತಿಂಗಳಿಗೆ 290, ಕೈಯಲ್ಲಿ 9,710. ವಾರಕ್ಕೆ 45 ನಿಮಿಷದ 16 ಪಾಠ, ಅಂದರೆ 12 ಗಂಟೆ. ತಯಾರಿಗೆ ಇನ್ನೆಂಟು ಗಂಟೆ ಸೇರಿಸಿ. ತಿಂಗಳಿಗೆ 86 ಗಂಟೆ. ಗಂಟೆಗೆ 113 ಯುವಾನ್.

ಅರ್ಧ ಸಂಬಳದ ಕೆಲಸ ಗಂಟೆಯ ಲೆಕ್ಕದಲ್ಲಿ ಮುಂದೆ ಹೋಯಿತು. ಹಾಗೆಂದು ಎರಡನೆಯದೇ ಮೇಲು ಎನ್ನಲಾಗದು. ಶಿಕ್ಷಣ ಸಾಲದ ಕಂತು ತಲೆಯ ಮೇಲಿದ್ದರೆ ತಿಂಗಳಿಗೆ ಹೆಚ್ಚು ಬರುವ 4,200 ಯುವಾನ್ ದೊಡ್ಡದು. ಚೀನೀ ಭಾಷೆ ಕಲಿಯಬೇಕು, ಸ್ನಾತಕೋತ್ತರ ಪದವಿಗೆ ಓದಬೇಕು ಎನ್ನುವವರಿಗೆ ತಿಂಗಳಿಗೆ ಉಳಿಯುವ 86 ಗಂಟೆ ದೊಡ್ಡದು. ಮೊದಲು ಕಂಡ ಅಂಕಿ ನಿಮಗೆ ಈ ಯಾವ ಸುದ್ದಿಯನ್ನೂ ಹೇಳಿರಲಿಲ್ಲ.

ಊರಿಗೆ ಹಣ ಕಳಿಸುವವರಿಗೆ ಒಂದು ಕಿವಿಮಾತು: ಯುವಾನನ್ನು ವಿದೇಶಿ ಹಣವಾಗಿ ಬದಲಾಯಿಸಲು ಬ್ಯಾಂಕು ತೆರಿಗೆ ಕಟ್ಟಿದ ದಾಖಲೆ ಮತ್ತು ಕರಾರು ಕೇಳುತ್ತದೆ. ಸಂಬಳದ ಒಂದು ಭಾಗವನ್ನು ‘ಕೈಯಲ್ಲಿ ಕೊಡುತ್ತೇವೆ, ತೆರಿಗೆ ಉಳಿಯುತ್ತದೆ’ ಎನ್ನುವ ಶಾಲೆ ಉಳಿಸುತ್ತಿರುವುದು ತನ್ನ ದುಡ್ಡನ್ನು.

12. ‘ಎರಡು ದಿನ ಸಮಯ ಕೊಡಿ’ ಎನ್ನಲು ಕಲಿಯಿರಿ

‘ಇವತ್ತೇ ಸಹಿ ಹಾಕದಿದ್ದರೆ ಸೀಟು ಬೇರೆಯವರಿಗೆ’ ಎಂಬ ಒತ್ತಡ ಬಂದರೆ, ಕೊಟ್ಟುಬಿಡಲಿ. ವಿದೇಶದಿಂದ ಒಬ್ಬರನ್ನು ಕರೆಸಿಕೊಳ್ಳಲು ತಿಂಗಳುಗಟ್ಟಲೆ ಕಾಗದ ಓಡಾಡಿಸಬೇಕಾದ ಶಾಲೆಗೆ ನಿಮ್ಮ ಎರಡು ದಿನ ಯಾವ ಲೆಕ್ಕ? ಸಮಯ ಕೇಳಿದಾಗ ಅವರು ನಡೆದುಕೊಳ್ಳುವ ರೀತಿಯೇ, ಮುಂದೆ ಜ್ವರ ಬಂದು ರಜೆ ಕೇಳಿದಾಗ ನಡೆದುಕೊಳ್ಳುವ ರೀತಿಯ ಮುನ್ಸೂಚನೆ.

ಆ ಎರಡು ದಿನದಲ್ಲಿ ಒಂದು ಹಾಳೆ ತೆಗೆದುಕೊಂಡು ಐದು ಸಾಲು ಬರೆಯಿರಿ: ವೀಸಾ ಯಾವುದು, ಮೊಹರು ಯಾರದು, ವಾರಕ್ಕೆ ನಿಜವಾದ ಗಂಟೆ ಎಷ್ಟು, ಬಿಡುಗಡೆ ಪತ್ರದ ಸಾಲು ಎಲ್ಲಿದೆ, ಎಲ್ಲ ಕಳೆದು ಕೈಗೆ ಎಷ್ಟು. ಐದಕ್ಕೂ ಉತ್ತರ ಬರೆಯಲು ಬಂದರೆ ಹೊರಡಿ, ಒಳ್ಳೆಯದಾಗಲಿ. ಅಲ್ಲಿಗೆ ಹೋದ ಮೊದಲ ವಾರವೇ ಬೀಜಿಂಗ್‌ನ ಭಾರತೀಯ ರಾಯಭಾರ ಕಚೇರಿಯಲ್ಲೋ ಶಾಂಘೈ, ಗ್ವಾಂಗ್‌ಝೌಗಳ ಕಾನ್ಸುಲೇಟಿನಲ್ಲೋ ಹೆಸರು ನೋಂದಾಯಿಸಿ. ಬೇರೆ ದೇಶದ ಪಾಸ್‌ಪೋರ್ಟ್ ಇರುವವರಿಗೆ ಆಯಾ ದೇಶದ ಕಚೇರಿ.

ಒಂದು ಸಾಲು ಖಾಲಿ ಉಳಿದರೂ, ಶಾಲೆಗೆ ಇನ್ನೊಂದು ಇ-ಮೇಲ್ ಕಳಿಸಿ. ಉತ್ತರ ಬರುವವರೆಗೆ ಚಿಕ್ಕಮ್ಮನಿಗೆ ಮಾತ್ರ ಹೇಳಬೇಡಿ.